ಹಳೇ ಮನೆಗೆ ಹೊಸ ವೈರಿಂಗ್: ಎಲೆಕ್ಟ್ರಿಷಿಯನ್‌ಗೆ ಕೆಲಸ ಒಪ್ಪಿಸುವ ಮುನ್ನ

ಬೆಂಗಳೂರಿನ ಜಯನಗರ, ರಾಜಾಜಿನಗರ, ವಿಜಯನಗರದಂಥ ಬಡಾವಣೆಗಳಲ್ಲಿ 1970–80ರ ದಶಕದಲ್ಲಿ ಮನೆ ಕಟ್ಟಿದವರ ವೈರಿಂಗ್ ಲೆಕ್ಕಾಚಾರ ಸರಳವಾಗಿತ್ತು. ಕೋಣೆಗೊಂದು ಬಲ್ಬು, ಒಂದು ಫ್ಯಾನು, 5 ಆಂಪಿಯರ್‌ನ ಒಂದು ಪ್ಲಗ್ಗು. ಇಸ್ತ್ರಿಗೋ ಬಾಯ್ಲರ್‌ಗೋ ಇರಲಿ ಎಂದು ಇಡೀ ಮನೆಗೆ ಒಂದೋ ಎರಡೋ ಪವರ್ ಪ್ಲಗ್ಗು. ಈಗ ಅದೇ ಗೋಡೆಯೊಳಗಿನ ಅದೇ ವೈರು ಗೀಸರ್, ಎ.ಸಿ., ಇಂಡಕ್ಷನ್ ಒಲೆ, ವಾಷಿಂಗ್ ಮಷೀನ್, ಗೇಟಿನ ಬಳಿ ನಿಂತ ಎಲೆಕ್ಟ್ರಿಕ್ ಸ್ಕೂಟರ್ ಎಲ್ಲಕ್ಕೂ ಉತ್ತರ ಹೇಳಬೇಕಾಗಿದೆ. 2 ಕಿಲೋವ್ಯಾಟ್‌ನ ಗೀಸರ್ ಒಂದೇ ಸುಮಾರು 9 ಆಂಪಿಯರ್ ಎಳೆಯುತ್ತದೆ.

ಮನೆ ರಿಪೇರಿಗೆ ಕೈಹಾಕಿದವರು ಬಣ್ಣ, ಟೈಲ್ಸ್, ಹೊಳೆಯುವ ಮಾಡ್ಯುಲರ್ ಸ್ವಿಚ್ಚುಗಳಿಗೆ ಧಾರಾಳವಾಗಿ ಖರ್ಚು ಮಾಡುತ್ತಾರೆ. ಆ ಸ್ವಿಚ್ಚಿನ ಹಿಂದೆ ಮಾತ್ರ ನಲವತ್ತು ವರ್ಷದ ವೈರು ಹಾಗೇ ಇರುತ್ತದೆ. ಮೇಲೆ ಥಳಕು, ಒಳಗೆ ಹುಳುಕು. ಕಣ್ಣಿಗೆ ಕಾಣದ ಮೂರು ವಿಷಯಗಳಿಗೆ, ಅಂದರೆ ಅರ್ಥಿಂಗ್ (ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಏರ್ಪಾಡು), ನ್ಯೂಟ್ರಲ್ (ಫೇಸ್ ವೈರಿನಲ್ಲಿ ಬಂದ ಕರೆಂಟು ವಾಪಸ್ ಹೋಗುವ ವೈರು) ಮತ್ತು ಕೊನೆಯ ಪರೀಕ್ಷೆಗೆ ಮೊದಲು ದುಡ್ಡು ತೆಗೆದಿಡಿ ಎಂಬುದು ನನ್ನ ಸಲಹೆ. ಸ್ವಿಚ್ಚಿನ ಬ್ರ್ಯಾಂಡ್ ಯಾವುದಾದರೂ ಆಗುತ್ತದೆ.

ಮೊದಲು ನೀವೇ ಒಂದು ಸುತ್ತು ನೋಡಿ

ಎಲೆಕ್ಟ್ರಿಷಿಯನ್‌ನ ಕರೆಯುವ ಮೊದಲು ಮನೆಯ ಸ್ಥಿತಿ ನಿಮಗೇ ಒಂದಿಷ್ಟು ಗೊತ್ತಿರಬೇಕು. ಗೀಸರ್ ಹಾಕಿದಾಗ ದೀಪ ಮಂಕಾಗುತ್ತದೆಯೇ? ಯಾವುದಾದರೂ ಬೋರ್ಡು ಮುಟ್ಟಿದರೆ ಬೆಚ್ಚಗಿದೆಯೇ, ಸುಟ್ಟ ವಾಸನೆ ಇದೆಯೇ? ಫ್ರಿಜ್ಜಿನ ಮೈಯೋ ಬಚ್ಚಲಿನ ನಲ್ಲಿಯೋ ಮುಟ್ಟಿದರೆ ಕೈ ಜುಮ್ಮೆನ್ನುತ್ತದೆಯೇ? ಕೊನೆಯದಕ್ಕೆ ಹೌದು ಎಂದಾದರೆ ಉಳಿದ ಓದು ಆಮೇಲಾಗಲಿ, ಇವತ್ತೇ ಯಾರನ್ನಾದರೂ ಕರೆಸಿ.

ಮೈನ್ ಬೋರ್ಡಿನಲ್ಲಿ ಪಿಂಗಾಣಿಯ ಕಿಟ್‌ಕ್ಯಾಟ್ ಫ್ಯೂಸುಗಳಿದ್ದರೆ ವೈರಿಂಗ್ ಮೂಲದ್ದೇ ಎಂದು ಊಹಿಸಬಹುದು. ಹಳೆಯ ಕೆಲವು ಬೋರ್ಡುಗಳಲ್ಲಿ ಫೇಸ್‌ಗೂ ನ್ಯೂಟ್ರಲ್‌ಗೂ ಎರಡಕ್ಕೂ ಫ್ಯೂಸ್ ಹಾಕಿರುತ್ತಾರೆ. ಇದು ಅಪಾಯ. ನ್ಯೂಟ್ರಲ್ ಫ್ಯೂಸ್ ಮಾತ್ರ ಸುಟ್ಟರೆ ದೀಪ ಆರುತ್ತದೆ, ಕರೆಂಟ್ ಹೋಗಿದೆ ಅಂದುಕೊಳ್ಳುತ್ತೀರಿ, ವೈರಿನಲ್ಲಿ ಮಾತ್ರ 230 ವೋಲ್ಟ್ ಹಾಗೇ ಇರುತ್ತದೆ.

ಸ್ವಿಚ್ ಬೋರ್ಡಿನ ಒಳಗನ್ನು ನೋಡುವ ಕೆಲಸ ಎಲೆಕ್ಟ್ರಿಷಿಯನ್‌ದು. ಆದರೆ ಅವರು ಒಂದು ಬೋರ್ಡಿನ ಹೈಲಂ ಶೀಟು (ಮುಂದಿನ ಹಲಗೆ) ಬಿಚ್ಚಿದಾಗ ಪಕ್ಕದಲ್ಲೇ ನಿಂತು ನೋಡಿ. ಮೈನ್ ಆಫ್ ಮಾಡಿದರೆ ಸಾಲದು, ಯುಪಿಎಸ್ ಕೂಡ ಆಫ್ ಆಗಿರಬೇಕು. ಇದನ್ನು ಮರೆಯುವವರೇ ಹೆಚ್ಚು. ವೈರಿನ ಮೇಲೆ ಬಟ್ಟೆಯ ಹೊದಿಕೆ ಇದ್ದು, ಒಳಗಿನ ರಬ್ಬರು ಬೆರಳು ತಾಗಿದರೆ ಪುಡಿಯಾಗುತ್ತಿದ್ದರೆ ಪೂರ್ತಿ ಬದಲಿಸುವುದು ಬಿಟ್ಟು ಬೇರೆ ದಾರಿಯಿಲ್ಲ. ಲೋಹ ಬೂದು-ಬಿಳಿ ಬಣ್ಣದ್ದಾದರೆ ಅದು ಅಲ್ಯುಮಿನಿಯಂ ಇರಬಹುದು. ಅದಕ್ಕೆ ತಾಮ್ರದ ವೈರು ಸುತ್ತಿ ಟೇಪ್ ಹಾಕಿದ ಜಾಯಿಂಟುಗಳು ಕಾಲಕ್ರಮದಲ್ಲಿ ಸಡಿಲವಾಗಿ ಬಿಸಿಯಾಗುತ್ತವೆ. ಪ್ಲಗ್ಗಿಗೆ ಮೂರು ತೂತುಗಳಿದ್ದು ಹಿಂದೆ ಎರಡೇ ವೈರು ಬಂದಿದ್ದರೆ, ಆ ಮೂರನೆಯ ತೂತು ಬರೀ ಅಲಂಕಾರ.

ಇದಾದ ಮೇಲೆ ಒಂದು ಹಾಳೆಯಲ್ಲಿ ಕೋಣೆವಾರು ಬರೆದಿಡಿ: ಯಾವ ಯಂತ್ರ ಎಲ್ಲಿ, ಮುಂದಿನ ಹತ್ತು ವರ್ಷದಲ್ಲಿ ಏನು ಬರಬಹುದು. ಎ.ಸಿ. ಈಗ ಬೇಡದಿದ್ದರೂ ಅದಕ್ಕೊಂದು ಲೈನು ಈಗಲೇ ಎಳೆಸುವುದು ಅಗ್ಗ.

ಯಾರನ್ನು ಕರೆಯಬೇಕು

ಪಕ್ಕದ ರಸ್ತೆಯ ಎಲೆಕ್ಟ್ರಿಕಲ್ ಅಂಗಡಿಯವರು ಕಳಿಸುವ ಹುಡುಗ ಫ್ಯಾನ್ ಕಟ್ಟಲು, ಸ್ವಿಚ್ ಬದಲಿಸಲು ಸಾಕು. ಮನೆ ಪೂರ್ತಿ ವೈರಿಂಗ್ ಬೇರೆ ಮಾತು. ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳ ಪ್ರಕಾರ ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚಿನಂಥ ಬದಲಾವಣೆ ಬಿಟ್ಟರೆ, ವೈರಿಂಗ್‌ನಲ್ಲಿ ಹೊಸದಾಗಿ ಸೇರಿಸುವ, ಬದಲಿಸುವ ಕೆಲಸವನ್ನು ಲೈಸೆನ್ಸ್ ಇರುವ ಕಾಂಟ್ರಾಕ್ಟರೇ ಮಾಡಿಸಬೇಕು. ಕರ್ನಾಟಕದಲ್ಲಿ ಈ ಲೈಸೆನ್ಸ್ ಕೊಡುವುದು ವಿದ್ಯುತ್ ಪರಿವೀಕ್ಷಣಾಲಯದ ವ್ಯವಸ್ಥೆ. ಕಾಂಟ್ರಾಕ್ಟರ್‌ಗೆ ಲೈಸೆನ್ಸ್, ಮೇಲ್ವಿಚಾರಕರಿಗೂ ವೈರ್‌ಮನ್‌ಗೂ ಪರ್ಮಿಟ್ ಇರುತ್ತದೆ. ಕಾರ್ಡು ತೋರಿಸಿ ಎಂದು ಕೇಳುವುದಕ್ಕೆ ಸಂಕೋಚ ಬೇಡ. ಅವಧಿ ಮುಗಿದಿಲ್ಲವೇ ಎಂದೂ ನೋಡಿ. ಮುಂದೆ ಬೆಸ್ಕಾಂನಲ್ಲಿ ಲೋಡ್ ಹೆಚ್ಚಿಸಲು ಅರ್ಜಿ ಹಾಕುವಾಗಲೂ ಇವರೇ ಬೇಕಾಗುತ್ತದೆ.

ಬರೀ ಕಾಗದದಿಂದ ಮಾತ್ರ ಮನುಷ್ಯ ಗೊತ್ತಾಗುವುದಿಲ್ಲ. ನನಗೆ ನಂಬಿಕೆ ಬರುವುದು ಅವರು ಕೇಳುವ ಪ್ರಶ್ನೆಗಳಿಂದ. ಬಂದವರು ನೇರವಾಗಿ ಪಾಯಿಂಟ್ (ದೀಪ, ಫ್ಯಾನು, ಪ್ಲಗ್ಗಿನ ಜಾಗ) ಎಣಿಸಲು ಶುರುಮಾಡಿದರೆ ಸ್ವಲ್ಪ ಹುಷಾರಾಗಿರಿ. ‘ಅರ್ಥ್ ಪಿಟ್ ಎಲ್ಲಿದೆ ಸಾರ್?’, ‘ಯುಪಿಎಸ್ ಯಾವ ಯಾವ ರೂಮಿಗೆ ಬೇಕು?’, ‘ಸ್ಲ್ಯಾಬಿನಲ್ಲಿ ಪೈಪ್ ಕಬ್ಬಿಣದ್ದಾ, ಪಿವಿಸಿಯಾ?’ ಎಂದು ಕೇಳಿದರೆ ಕೆಲಸ ಗೊತ್ತಿದ್ದವರು. ನೀವೂ ಒಂದು ಪ್ರಶ್ನೆ ಕೇಳಿ: ‘ನಿಮ್ಮ ಹತ್ರ ಮೆಗ್ಗರ್ ಇದೆಯಾ?’ (ವೈರಿನ ಹೊದಿಕೆಯಿಂದ ಕರೆಂಟ್ ಸೋರುತ್ತದೆಯೇ ಎಂದು ಅಳೆಯುವ ಉಪಕರಣ ಅದು.) ಹಳೇ ಮನೆಯ ಕೆಲಸಕ್ಕೆ ಟೆಸ್ಟರ್ ಒಂದನ್ನೇ ಜೇಬಿನಲ್ಲಿಟ್ಟುಕೊಂಡು ಬರುವವರು ಬೇಡ.

ಮೂವರಿಂದ ಎಸ್ಟಿಮೇಟ್ ಪಡೆಯಿರಿ, ಎಲ್ಲರಿಗೂ ಅದೇ ಹಾಳೆ ತೋರಿಸಿ. ಸಾಧ್ಯವಾದರೆ ಇತ್ತೀಚೆಗೆ ಅವರಿಂದ ಹಳೇ ಮನೆಗೆ ವೈರಿಂಗ್ ಮಾಡಿಸಿದ ಯಾರೊಂದಿಗಾದರೂ ಮಾತನಾಡಿ. ಹೊಸ ಮನೆಯ ಕೆಲಸ ಬೇರೆ, ವಾಸವಿರುವ ಹಳೇ ಮನೆಯಲ್ಲಿ ದೂಳಿನ ನಡುವೆ ಮಾಡುವ ಕೆಲಸ ಬೇರೆ.

ಪಾಯಿಂಟ್ ಲೆಕ್ಕದ ಜಗಳ

ಕೂಲಿಯನ್ನು ಸಾಮಾನ್ಯವಾಗಿ ಪಾಯಿಂಟ್ ಲೆಕ್ಕದಲ್ಲಿ ಹೇಳುತ್ತಾರೆ. ಹೆಚ್ಚಿನ ಜಗಳ ಇಲ್ಲೇ ಹುಟ್ಟುವುದು. ಮೆಟ್ಟಿಲಿನ ಟೂ-ವೇ ದೀಪ ಒಂದು ಪಾಯಿಂಟೋ ಎರಡೋ? ಬೋರ್ಡಿನಲ್ಲೇ ಇರುವ ಪ್ಲಗ್ಗಿಗೆ ಬೇರೆ ದರವೇ? ಗೀಸರ್, ಎ.ಸಿ.ಯ ಪವರ್ ಲೈನಿಗೆ ಎಷ್ಟು? ಡಿ.ಬಿ. (ಎಲ್ಲ ಲೈನು ಕವಲೊಡೆಯುವ ಪೆಟ್ಟಿಗೆ) ಕೂರಿಸಲು, ಅರ್ಥ್ ಪಿಟ್ ತೋಡಲು, ಗೋಡೆ ಕೊರೆದು ಮತ್ತೆ ಸಿಮೆಂಟ್ ಮುಚ್ಚಲು ಯಾರ ಖರ್ಚು? ಹಳೇ ವೈರಿನ ತಾಮ್ರ ಯಾರಿಗೆ? (ಅದಕ್ಕೆ ಗುಜರಿಯಲ್ಲಿ ಒಳ್ಳೆಯ ಬೆಲೆ ಇದೆ.) ಎಲ್ಲವನ್ನೂ ಬರೆಸಿ ಸಹಿ ಹಾಕಿಸಿ. ಹಣವನ್ನು ಕಂತಿನಲ್ಲಿ ಕೊಡಿ, ಕೊನೆಯ ಕಂತು ಪರೀಕ್ಷೆ ಮುಗಿದ ಮೇಲೆ.

ಸಾಮಾನು ನೀವೇ ತಂದುಕೊಟ್ಟು ಕೂಲಿ ಮಾತ್ರ ಮಾತಾಡುವುದು ನನಗೆ ಸರಿ ಅನ್ನಿಸುತ್ತದೆ. ಎಸ್‌ಜೆಪಿ ರಸ್ತೆಯ ಎಲೆಕ್ಟ್ರಿಕಲ್ ಅಂಗಡಿಗಳ ಕಡೆ ಬೆಲೆ ಕಡಿಮೆ ಸಿಗಬಹುದು, ಆದರೆ ಬಿಲ್ ಇಲ್ಲದ ವೈರು ಬೇಡ. ವೈರಿನ ಮೇಲಿನ ಐಎಸ್‌ಐ ಗುರುತಿನ ಜೊತೆಗಿರುವ ಲೈಸೆನ್ಸ್ ಸಂಖ್ಯೆಯನ್ನು ಭಾರತೀಯ ಮಾನಕ ಸಂಸ್ಥೆಯ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡಬಹುದು. ಹಿರಿಯ ಎಲೆಕ್ಟ್ರಿಷಿಯನ್‌ಗಳು ಇಂದಿಗೂ ‘3/20 ತನ್ನಿ, 7/20 ತನ್ನಿ’ ಎನ್ನುತ್ತಾರೆ. ಅದು ಹಳೇ ಗೇಜಿನ ಲೆಕ್ಕ: 3/20 ಅಂದರೆ ಸುಮಾರು 2 ಚದರ ಮಿ.ಮೀ., 7/20 ಅಂದರೆ 4ಕ್ಕಿಂತ ತುಸು ಹೆಚ್ಚು. ಈಗ ಅಂಗಡಿಯಲ್ಲಿ ಚದರ ಮಿಲಿಮೀಟರಿನಲ್ಲೇ ಕೇಳಿ. ದೀಪ-ಫ್ಯಾನಿಗೆ 1.5, ಸಾಮಾನ್ಯ ಪ್ಲಗ್ಗಿಗೆ 2.5, ಗೀಸರ್, ಎ.ಸಿ.ಗೆ 4 ಎಂಬುದು ಮನೆಗಳಿಗೆ ಹೊಂದುವ ಲೆಕ್ಕ. ಎಂಸಿಬಿ (ಕರೆಂಟು ಮಿತಿ ಮೀರಿದರೆ ತಾನೇ ಟ್ರಿಪ್ ಆಗಿ ಲೈನ್ ಕಡಿಯುವ ಸ್ವಿಚ್ಚು) ವೈರಿಗೆ ತಕ್ಕಂತಿರಬೇಕು: 1.5ಕ್ಕೆ 10 ಆಂಪಿಯರ್, 2.5ಕ್ಕೆ 16, 4ಕ್ಕೆ 20. ಪದೇ ಪದೇ ಟ್ರಿಪ್ ಆಗುತ್ತದೆಂದು 2.5ರ ವೈರಿಗೆ 32ರ ಎಂಸಿಬಿ ಕೂರಿಸಿದರೆ, ಎಂಸಿಬಿ ಟ್ರಿಪ್ ಆಗುವ ಮೊದಲೇ ವೈರು ಬಿಸಿಯಾಗುತ್ತದೆ.

ಅರ್ಥಿಂಗ್: ಪೈಪು ಬದಲಾಯಿತು, ಅರ್ಥ್ ಹೋಯಿತು

ಹಳೆಯ ಎಷ್ಟೋ ಮನೆಗಳಲ್ಲಿ ಅರ್ಥ್ ವೈರನ್ನು ನೀರಿನ ಕಬ್ಬಿಣದ ಪೈಪಿಗೆ ಸುತ್ತಿ ಬಿಟ್ಟಿರುತ್ತಾರೆ. ಆ ಪೈಪು ನೆಲದೊಳಗೆ ಹೋಗುತ್ತಿದ್ದಾಗ ಹೇಗೋ ನಡೆಯುತ್ತಿತ್ತು. ಪ್ಲಂಬರ್ ಬಂದು ಅರ್ಧಕ್ಕೆ ಪಿವಿಸಿ ಹಾಕಿದ ದಿನ ಅರ್ಥ್ ಸದ್ದಿಲ್ಲದೆ ಕಡಿದುಹೋಯಿತು. ಈಗ ಗೀಸರಿನಲ್ಲಿ ಸೋರಿಕೆಯಾದರೆ ಮೇಲೆ ಉಳಿದ ಕಬ್ಬಿಣದ ತುಂಡಿಗೂ ನಲ್ಲಿಗೂ ಕರೆಂಟ್ ಬರುತ್ತದೆ. ಬಚ್ಚಲಿನಲ್ಲಿ ಜುಮ್ಮೆನ್ನುವ ದೂರುಗಳ ಹಿಂದೆ ಇದೇ ಕಾರಣ ಇರುವುದು ಅಪರೂಪವಲ್ಲ.

ಹಾಗಾಗಿ ಹೊಸ ಅರ್ಥ್ ಪಿಟ್ ತೋಡಿಸಿ. ಸುಮಾರು ಎರಡೂವರೆ ಮೀಟರ್‌ನ ಜಿ.ಐ. ಪೈಪು, ಸುತ್ತ ಇದ್ದಿಲು-ಉಪ್ಪು ಹಾಕುವ ಹಳೇ ಪದ್ಧತಿಯೂ ಆಗುತ್ತದೆ, ಈಗ ಸಿಗುವ ಕೆಮಿಕಲ್ ಅರ್ಥಿಂಗೂ ಆಗುತ್ತದೆ. ಮೇಲೆ ಮುಚ್ಚಳ ಇರುವ ಪುಟ್ಟ ತೊಟ್ಟಿ ಕಟ್ಟಿಸಿ, ಬೇಸಿಗೆಯಲ್ಲಿ ನೀರು ಹಾಕಲು ಬರುವಂತಿರಲಿ. ಎಲ್ಲ ಪ್ಲಗ್ಗಿಗೂ ಪ್ರತ್ಯೇಕ ಹಸಿರು ವೈರು ಹೋಗಲೇಬೇಕು. ಅರ್ಥ್ ಟೆಸ್ಟರ್‌ನಲ್ಲಿ ಅಳತೆ ತೆಗೆಸುವುದನ್ನು ಒಣ ತಿಂಗಳಲ್ಲೇ ಮಾಡಿಸಿ. ಮಳೆಗಾಲದಲ್ಲಿ ಎಲ್ಲರ ಅರ್ಥೂ ಚೆನ್ನಾಗಿ ಕಾಣುತ್ತದೆ.

‘ಆರ್‌ಸಿಸಿಬಿ ಬೇಡ ಬಿಡಿ ಸಾರ್’

ಈ ಮಾತು ನೀವು ಕೇಳೇ ಕೇಳುತ್ತೀರಿ. ‘ಸುಮ್ನೆ ಸುಮ್ನೆ ಟ್ರಿಪ್ ಆಗುತ್ತೆ ಸಾರ್, ಆಮೇಲೆ ನಮ್ಮನ್ನೇ ಬೈತೀರಿ’ ಎನ್ನುತ್ತಾರೆ. ಎಂಸಿಬಿ ಕಾಯುವುದು ವೈರನ್ನು. ಮನುಷ್ಯನನ್ನು ಕಾಯುವುದು 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ. ಫೇಸ್‌ನಲ್ಲಿ ಹೋದ ಕರೆಂಟು ನ್ಯೂಟ್ರಲ್‌ನಲ್ಲಿ ಅಷ್ಟೇ ವಾಪಸ್ ಬರದಿದ್ದರೆ, ಅಂದರೆ ಯಾರದೋ ಮೈಮೂಲಕ ನೆಲಕ್ಕೆ ಇಳಿಯುತ್ತಿದ್ದರೆ, ಕಣ್ಣು ಮಿಟುಕಿಸುವುದರೊಳಗೆ ಅದು ಲೈನ್ ಕಡಿಯುತ್ತದೆ.

ಅದು ಸುಮ್ಮನೆ ಟ್ರಿಪ್ ಆಗುವುದಿಲ್ಲ. ಹಳೇ ಮನೆಯಲ್ಲಿ ಕಾರಣ ಬಹುತೇಕ ನ್ಯೂಟ್ರಲ್‌ನಲ್ಲೇ ಇರುತ್ತದೆ. ತೇವದ ಬೋರ್ಡಿನಲ್ಲಿ ಎಲ್ಲೋ ನ್ಯೂಟ್ರಲ್ ಅರ್ಥಿಗೆ ತಾಗಿರುತ್ತದೆ. ಹಿಂದೆ ಯಾರೋ ಒಂದು ವೈರು ಉಳಿಸಲು ಅರ್ಥನ್ನೇ ನ್ಯೂಟ್ರಲ್ ಮಾಡಿಕೊಂಡಿರುತ್ತಾರೆ. ಯುಪಿಎಸ್ ಹಾಕಿದವರು ಅದರ ನ್ಯೂಟ್ರಲನ್ನೂ ಮೈನ್ ನ್ಯೂಟ್ರಲನ್ನೂ ಒಂದೇ ಕಡೆ ಕಟ್ಟಿರುತ್ತಾರೆ. ಇದನ್ನು ಹುಡುಕಿ ಬಿಡಿಸುವುದು ಬೇಸರದ ಕೆಲಸ, ಆರ್‌ಸಿಸಿಬಿಯನ್ನು ಬೈಪಾಸ್ ಮಾಡುವುದು ಐದು ನಿಮಿಷದ ಕೆಲಸ. ಅದಕ್ಕೇ ‘ಬೇಡ ಬಿಡಿ’. ಕೆಲಸ ಒಪ್ಪಿಸುವಾಗಲೇ ಹೇಳಿ: ಒಂದೊಂದು ಸರ್ಕ್ಯೂಟಿಗೂ ಅದರದೇ ನ್ಯೂಟ್ರಲ್ ಇರಬೇಕು, ಯುಪಿಎಸ್ ಲೈನಿನ ನ್ಯೂಟ್ರಲ್ ಬೇರೆಯೇ ಇರಬೇಕು. ಇಡೀ ಮನೆಗೆ ಒಂದರ ಬದಲು ಎರಡು ಆರ್‌ಸಿಸಿಬಿ ಹಾಕಿಸಿ. ನೀವು ಊರಿಗೆ ಹೋದಾಗ ಬಚ್ಚಲಿನ ಗೀಸರಿನ ತಪ್ಪಿಗೆ ಫ್ರಿಜ್ಜಿನಲ್ಲಿಟ್ಟದ್ದೆಲ್ಲ ಕೆಡುವುದು ತಪ್ಪುತ್ತದೆ. ಎರಡು ಹಾಕಿದಾಗ ಹಾಲ್‌ನ ಫೇಸಿಗೆ ಇನ್ನೊಂದು ಆರ್‌ಸಿಸಿಬಿಯ ಬೆಡ್‌ರೂಮಿನ ನ್ಯೂಟ್ರಲ್ ಸೇರಿಸಿದ್ದರೆ ತಕ್ಷಣ ಟ್ರಿಪ್ ಆಗಿ ಗುಟ್ಟು ರಟ್ಟಾಗುತ್ತದೆ.

ಕೆಲಸದ ದಿನಗಳು

ಒಂದೊಂದೇ ಕೋಣೆ ಖಾಲಿ ಮಾಡಿ ಕೊಡಿ, ಅಡುಗೆಮನೆ ಕೊನೆಗಿರಲಿ. ಹಳೇ ವೈರಿಗೇ ಹೊಸದನ್ನು ಕಟ್ಟಿ ಎಳೆದರೆ ಕೆಲವು ಪೈಪುಗಳಲ್ಲಿ ಸಲೀಸಾಗಿ ಬರುತ್ತದೆ, ಕೆಲವದರಲ್ಲಿ ಸಿಕ್ಕಿಬೀಳುತ್ತದೆ. ಆಗ ಗೋಡೆ ಕೊರೆಯಬೇಕು. ಸ್ಲ್ಯಾಬ್, ಬೀಮ್, ಕಂಬ ಕೊರೆಯಲು ಮಾತ್ರ ಬಿಡಬೇಡಿ, ಅಂಥ ಕಡೆ ಹೊರಗೆ ಪಿವಿಸಿ ಕೇಸಿಂಗ್ ಓಡಿಸಿದರಾಯಿತು. ಗೋಡೆಯೊಳಗೆ ಜಾಯಿಂಟ್ ಹಾಕಿ ಮುಚ್ಚುವುದೂ ಬೇಡ. ಜಾಯಿಂಟ್ ಎಲ್ಲ ಬಾಕ್ಸಿನಲ್ಲೇ ಇರಲಿ. ಸಿಮೆಂಟ್ ಮುಚ್ಚುವ ಮುನ್ನ ಪ್ರತಿ ಗೋಡೆಯ ಫೋಟೊ ತೆಗೆದಿಡಿ, ಮುಂದೆ ಮೊಳೆ ಹೊಡೆಯುವಾಗ ಬೇಕಾಗುತ್ತದೆ. ಮೀಟರಿನ ಸೀಲ್ ಯಾರೂ ಮುಟ್ಟಬಾರದು. ಮೀಟರ್‌ವರೆಗಿನ ಲೈನ್ ಬೆಸ್ಕಾಂನದು.

ಮುಗಿದ ಮೇಲೆ, ಬಣ್ಣ ಹೊಡೆಸುವ ಮುನ್ನ, ಪರೀಕ್ಷೆ. ಎಲ್ಲ ಯಂತ್ರಗಳ ಪ್ಲಗ್ ತೆಗೆದು 500 ವೋಲ್ಟ್‌ನ ಮೆಗ್ಗರ್ ಹಾಕಿದಾಗ ಪ್ರತಿ ಸರ್ಕ್ಯೂಟಿನಲ್ಲೂ 1 ಮೆಗಾಓಮ್‌ಗಿಂತ ಹೆಚ್ಚು ತೋರಿಸಬೇಕು. ಹೊಸ ವೈರು ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ತೋರಿಸುತ್ತದೆ. ಪ್ರತಿ ಪ್ಲಗ್ಗಿನಲ್ಲೂ ಫೇಸ್ ಬಲಕ್ಕೇ ಇದೆಯೇ, ಅರ್ಥ್ ಬಂದಿದೆಯೇ ನೋಡಬೇಕು. ಆರ್‌ಸಿಸಿಬಿಯ ‘ಟಿ’ ಗುಂಡಿ ಒತ್ತಿದರೆ ಬೀಳಬೇಕು. ಅದನ್ನು ಮುಂದೆಯೂ ಕೆಲವು ತಿಂಗಳಿಗೊಮ್ಮೆ ನೀವೇ ಒತ್ತಿ ನೋಡಿ. ಯಾವ ಎಂಸಿಬಿ ಯಾವ ಕೋಣೆಗೆ ಎಂಬ ಚೀಟಿ ಡಿ.ಬಿ.ಯ ಬಾಗಿಲ ಒಳಗೆ ಅಂಟಿಸಿ, ಕನ್ನಡದಲ್ಲೇ, ಮನೆಯ ಹಿರಿಯರಿಗೂ ಓದಲು ಬರುವಷ್ಟು ದೊಡ್ಡದಾಗಿ.

ಕೊನೆಗೆ ಕರೆಂಟ್ ಬಿಲ್ ತೆಗೆದು ಮಂಜೂರಾದ ಲೋಡ್ ಎಷ್ಟಿದೆ ನೋಡಿ. ಹಳೇ ಮನೆಗಳಲ್ಲಿ ಅದು 1 ಅಥವಾ 2 ಕಿಲೋವ್ಯಾಟ್‌ನಲ್ಲೇ ನಿಂತಿರಬಹುದು. ಎರಡು ಗೀಸರ್, ಒಂದು ಎ.ಸಿ.ಗೇ ಅದು ಮೀರುತ್ತದೆ. ಹೆಚ್ಚಿಸಿದರೆ ನಿಗದಿತ ಶುಲ್ಕವೂ ಏರುತ್ತದೆ, ಯಾಕೆಂದರೆ ಅದನ್ನು ಕಿಲೋವ್ಯಾಟ್ ಲೆಕ್ಕದಲ್ಲೇ ಹಾಕುತ್ತಾರೆ. ಅರ್ಜಿಯ ಜೊತೆ ಕಾಂಟ್ರಾಕ್ಟರ್ ಕೊಡಬೇಕಾದ ಕಾಗದಪತ್ರಗಳನ್ನು ಕೊನೆಯ ಕಂತು ಕೊಡುವ ಮೊದಲೇ ಕೈಗೆ ತೆಗೆದುಕೊಳ್ಳಿ. ಆಮೇಲೆ ಅವರ ಫೋನ್ ಸಿಗುವುದು ಕಷ್ಟ.