ಅಬ್ಬಿ ಎಂದರೆ ಬರೀ ಜಲಪಾತವೇ? ನೀರಿನ ನುಡಿಗಳನ್ನು ಹುಡುಕಿ ಹೊರಡುವ ವಿದ್ಯಾರ್ಥಿಗಳಿಗೆ

ಮಡಿಕೇರಿಯ ಕಡೆ ಅಬ್ಬಿ ಎಂದರೆ ಜಲಪಾತ. ಮಲೆನಾಡಿನ ತೋಟದ ಮನೆಗಳಲ್ಲಿ ಗುಡ್ಡದ ಒರತೆಯಿಂದ ಸೀಳಿದ ಅಡಿಕೆ ಮರದ ದಂಬೆಯ ಮೇಲೆ ಹರಿದು ಹಿತ್ತಲಿಗೆ ಬಂದು ಬೀಳುವ ನೀರು ಅಬ್ಬಿ ನೀರು. ಬಿಳಿಗಿರಿರಂಗನ ಬೆಟ್ಟದ ಮೂಲನಿವಾಸಿಗಳಾದ ಸೋಲಿಗರಿಗೆ ಅಬ್ಬಿ ಪೂಜೆಗೆ ಸಲ್ಲುವ ಜಾಗ. ಪ್ರತಿ ಕುಲಕ್ಕೂ ಅದರದೇ ಯಲ್ಲೆ, ಅಂದರೆ ಆ ಕುಲದ ಪವಿತ್ರ ನೆಲ, ಇದೆ. ಅದರೊಳಗೆ ದೇವರು, ಮಾರಮ್ಮ, ವೀರು, ಕಲ್ಲುಗುಡಿ ಇರುವಂತೆಯೇ ನೀರಿನ ನೆಲೆಯಾದ ಅಬ್ಬಿಯೂ ಇರುತ್ತದೆ. ಈ ಪದವನ್ನು ಕೇಳಿದ ಕೂಡಲೇ ‘ಜಲಪಾತ’ ಎಂದು ಬರೆದುಕೊಂಡ ವಿದ್ಯಾರ್ಥಿ ಬೆಟ್ಟ ಹತ್ತಿಯೂ ಏನನ್ನೂ ಕೇಳಿಸಿಕೊಂಡಂತಾಗಲಿಲ್ಲ.

ವಿಶ್ವಸಂಸ್ಥೆ 2022ರಿಂದ 2032ರ ವರೆಗಿನ ಅವಧಿಯನ್ನು ಮೂಲನಿವಾಸಿ ಭಾಷೆಗಳ ದಶಕವೆಂದು ಘೋಷಿಸಿದೆ. ಭಾಷಾಶಾಸ್ತ್ರ, ಪರಿಸರ ವಿಜ್ಞಾನ, ಸಮಾಜಶಾಸ್ತ್ರ ಓದುತ್ತಿರುವವರು ಆರು ವಾರಗಳ ಇಂಟರ್ನ್‌ಶಿಪ್‌ನಲ್ಲಿ ಇಂಥ ನುಡಿಯೊಂದರ ನೀರಿನ ಪದಗಳನ್ನು ಕಲೆಹಾಕುವ ಕೆಲಸಕ್ಕೆ ಕೈ ಹಾಕಬಹುದು. ಹೇಗೆ ಎಂಬುದನ್ನು ಸೋಲಿಗರ ನಾಡನ್ನೇ ಮುಂದಿಟ್ಟುಕೊಂಡು ನೋಡೋಣ.

ಒಂದು ಪೋಡು, ಒಂದು ಹಳ್ಳ

‘ಸೋಲಿಗ ನುಡಿಯಲ್ಲಿ ನೀರು’ ಎಂಬುದು ಆರು ವರ್ಷಗಳ ವಿಷಯ. ಆರು ವಾರಗಳಿಗೆ ಒಂದು ಪೋಡು, ಅಂದರೆ ಸೋಲಿಗರ ಒಂದು ಹಾಡಿ, ಸಾಕು; ಆ ಪೋಡಿನವರು ಬಳಸುವ ಒಂದೆರಡು ನೀರಿನ ನೆಲೆ ಸಾಕು. ಹೊರಡುವ ಮೊದಲು ಆಗಲೇ ಆಗಿರುವ ಕೆಲಸವನ್ನು ಓದಿ. ಸೋಲಿಗರು ಬೆಂಗಳೂರಿನ ಪರಿಸರ ಸಂಶೋಧನಾ ಸಂಸ್ಥೆಯಾದ ಏಟ್ರೀಯ ಸಂಶೋಧಕರ ಜೊತೆ ಸೇರಿ ತಮ್ಮ ಪವಿತ್ರ ನೆಲೆಗಳ ನಕ್ಷೆ ಮಾಡಿದ್ದಾರೆ. ಹತ್ತು ಸಲ ಹೇಳಿದ್ದನ್ನು ಹಿರಿಯರಿಂದ ಹನ್ನೊಂದನೆಯ ಸಲ ಹೇಳಿಸುವುದು ಅವರ ಹೊತ್ತನ್ನು ಹಾಳು ಮಾಡಿದಂತೆ.

ಯಾರ ಒಪ್ಪಿಗೆ ಬೇಕು

2011ರಲ್ಲಿ ಬಿಳಿಗಿರಿರಂಗನ ಬೆಟ್ಟದ ಕಾಡು ಹುಲಿ ಸಂರಕ್ಷಿತ ಪ್ರದೇಶವಾಯಿತು. ಅಧ್ಯಯನಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು. ಅದು ತಡವಾಗಬಹುದು, ತಿಂಗಳುಗಳ ಮುಂಚೆಯೇ ಮಾರ್ಗದರ್ಶಕರ ಮೂಲಕ ಅರ್ಜಿ ಹಾಕಿ. ಅದೇ ವರ್ಷ ಸೋಲಿಗರಿಗೆ 2006ರ ಅರಣ್ಯ ಹಕ್ಕು ಕಾಯ್ದೆಯಡಿ ಸಮುದಾಯ ಹಕ್ಕುಗಳೂ ದೊರೆತವು. ಹುಲಿ ಸಂರಕ್ಷಿತ ಪ್ರದೇಶವೊಂದರಲ್ಲಿ ಅಂಥ ಮನ್ನಣೆ ಸಿಕ್ಕಿದ್ದು ದೇಶದಲ್ಲಿ ಅದೇ ಮೊದಲು. ಆದ್ದರಿಂದ ಗ್ರಾಮಸಭೆಯ ಮುಂದೆ ಹೋಗಿ ಒಪ್ಪಿಗೆ ಕೇಳುವುದನ್ನು ಬರಿಯ ಶಿಷ್ಟಾಚಾರವೆಂದು ತಿಳಿಯಬೇಡಿ. ಆ ನೆಲದ ಬಗ್ಗೆ ಮಾತನಾಡುವ ಹಕ್ಕು ಅವರದು.

ಏನು ಕೇಳುತ್ತೀರಿ, ಧ್ವನಿಮುದ್ರಣ ಎಲ್ಲಿ ಉಳಿಯುತ್ತದೆ, ಯಾರು ಕೇಳಬಹುದು ಎಂಬುದನ್ನು ಬಿಡಿಸಿ ಹೇಳಿ. ಅಬ್ಬಿಯ ನಿಖರ ಜಾಗವನ್ನು ಮೊಬೈಲ್‌ನಲ್ಲಿ ಗುರುತಿಸುವ ಮೊದಲು ಪ್ರತಿ ಬಾರಿಯೂ ಕೇಳಿ. ಬೇಡ ಎಂದರೆ ಬೇಡ. ಕೂಲಿ ಬಿಟ್ಟು ನಿಮ್ಮೊಡನೆ ಬರುವವರಿಗೆ ಆ ದಿನದ ಕೂಲಿ ಕೊಡಿ, ಅದನ್ನು ಇಂಟರ್ನ್‌ಶಿಪ್‌ನ ಖರ್ಚಿನಲ್ಲಿ ಮೊದಲೇ ಸೇರಿಸಿಕೊಳ್ಳಿ. ಜೇನಿನ ಕಾಲ, ಕಾಫಿ ಕೊಯ್ಲಿನ ಕಾಲ ಯಾವಾಗ ಎಂದು ವಿಚಾರಿಸಿ, ಬಿಡುವಿದ್ದಾಗ ಹೋಗಿ.

ನಿಮ್ಮ ಕನ್ನಡವನ್ನು ಬದಿಗಿಡಿ

ಕಷ್ಟದ ಕೆಲಸವೆಂದರೆ ಇದು. ಸೋಲಿಗ ನುಡಿ ಕನ್ನಡಕ್ಕೆ ಬಹಳ ಹತ್ತಿರ. ಅರ್ಥವಾಯಿತು ಎಂಬ ಭಾವನೆ ಬೇಗ ಬರುತ್ತದೆ. ಬಂದ ಮೇಲೆ ಕಿವಿ ಕೇಳುವುದನ್ನು ನಿಲ್ಲಿಸಿ ತಿದ್ದಲು ತೊಡಗುತ್ತದೆ, ಕೈ ಪಠ್ಯಪುಸ್ತಕದ ರೂಪವನ್ನು ಬರೆದುಬಿಡುತ್ತದೆ. ದೊಡ್ಡ ನುಡಿಯೊಂದು ನೆರೆಯ ಸಣ್ಣ ನುಡಿಯನ್ನು ಹೀಗೆ ಸದ್ದಿಲ್ಲದೆ ತನ್ನೊಳಗೆ ಎಳೆದುಕೊಳ್ಳುತ್ತದೆ. 2011ರ ಜನಗಣತಿಯ ಪಟ್ಟಿಯಲ್ಲಿ ನೀಲಗಿರಿಯ ಬಡಗ ನುಡಿಯನ್ನು ಕನ್ನಡದಡಿಯಲ್ಲೇ ಎಣಿಸಲಾಗಿದೆ. ಹತ್ತು ಸಾವಿರಕ್ಕಿಂತ ಕಡಿಮೆ ಜನ ಆಡುವ ನುಡಿಗಳಿಗೆ ಆ ಪಟ್ಟಿಯಲ್ಲಿ ಹೆಸರೇ ಇಲ್ಲ. ನಮ್ಮ ನೋಟ್‌ಬುಕ್ಕಿನಲ್ಲಾದರೂ ಅದು ಮರುಕಳಿಸಬಾರದು.

ಯರಕನಗದ್ದೆ, ಮುತ್ತುಗದಗದ್ದೆ, ಕೆರೆದಿಂಬ ಎಂಬ ಹೆಸರುಗಳು ಆ ಬೆಟ್ಟದಲ್ಲಿವೆ. ಗದ್ದೆ ಎಂದರೆ ನಿಮ್ಮೂರಿನ ಭತ್ತದ ಗದ್ದೆಯೇ ಎಂದು ನೀವೇ ಉತ್ತರ ಕೊಟ್ಟುಕೊಳ್ಳಬೇಡಿ. ಆ ಹೆಸರು ಯಾಕೆ ಬಂತು, ಅಲ್ಲಿ ನೀರು ನಿಲ್ಲುತ್ತಿತ್ತೇ, ಈಗಲೂ ನಿಲ್ಲುತ್ತದೆಯೇ ಎಂದು ಅವರನ್ನೇ ಕೇಳಿ. ಹೇಳಿದ್ದನ್ನು ಕೇಳಿಸಿದ ಹಾಗೆಯೇ ಬರೆಯಿರಿ. ಕನ್ನಡ ಲಿಪಿಗೆ ಹೊಂದದ ಸ್ವರ ಬಂದರೆ ಒಂದು ಗುರುತು ಹಾಕಿ, ಆ ಗುರುತಿನ ಅರ್ಥವನ್ನು ಮೊದಲ ಪುಟದಲ್ಲಿ ಬರೆದಿಡಿ.

ಜಗಲಿಯಲ್ಲಿ ಕೂರಬೇಡಿ, ನಡೆಯಿರಿ

‘ನದಿಗೆ ಏನನ್ನುತ್ತೀರಿ, ಕೊಳಕ್ಕೆ ಏನನ್ನುತ್ತೀರಿ’ ಎಂಬ ಪಟ್ಟಿಗೆ ಸಿಗುವ ಉತ್ತರಗಳು ನಿಮ್ಮ ಪಟ್ಟಿಯ ಆಕಾರದಲ್ಲೇ ಇರುತ್ತವೆ. ನೀರಿನ ಬಳಿಗೇ ಹೋಗಿ. ನೀರು ಹೊರುವ ಹೆಂಗಸರ ಜೊತೆ ಬೆಳಿಗ್ಗೆ, ದಾರಿ ಬಲ್ಲ ಹಿರಿಯರ ಜೊತೆ ಇನ್ನೊಂದು ದಿನ. ಆನೆ ಕಾಡು, ಊರಿನವರಿಲ್ಲದೆ ಹೆಜ್ಜೆ ಇಡಬೇಡಿ, ಬಿಸಿಲಿರುವಾಗಲೇ ಮರಳಿ.

ಅಲ್ಲಿ ನಿಂತು ಕೇಳಿ: ಇದು ಯಾವ ತಿಂಗಳಲ್ಲಿ ಕಡಿಮೆಯಾಗುತ್ತದೆ? ಕಡಿಮೆಯಾಗುವುದು ಮೊದಲು ಯಾವುದರಿಂದ ಗೊತ್ತಾಗುತ್ತದೆ? ಕುಡಿಯುವುದು ಎಲ್ಲಿಂದ, ಮುಟ್ಟಬಾರದ್ದು ಎಲ್ಲಿ? ದಡದ ಮರ ಯಾವುದು? ಭಾರ್ಗವಿ ಹೊಳೆಯ ದಡದ ದೊಡ್ಡ ಸಂಪಿಗೆ ಸೋಲಿಗರು ಪೂಜಿಸುವ ಮರ. ಅಲ್ಲಿ ಹೊಳೆಯ ಮಾತನ್ನೂ ಮರದ ಮಾತನ್ನೂ ಬೇರೆ ಮಾಡಲು ಬಾರದು.

ನಾಮಪದಗಳನ್ನು ಎಲ್ಲರೂ ಕಲೆಹಾಕುತ್ತಾರೆ, ಕ್ರಿಯಾಪದಗಳು ಕೈತಪ್ಪುತ್ತವೆ. ನಮ್ಮಲ್ಲೇ ನೋಡಿ: ನೀರು ಒಸರುತ್ತದೆ, ಜಿನುಗುತ್ತದೆ, ತೊಟ್ಟಿಕ್ಕುತ್ತದೆ, ಉಕ್ಕುತ್ತದೆ, ಇಂಗುತ್ತದೆ, ಬತ್ತುತ್ತದೆ. ಇಂಗುವುದಕ್ಕೂ ಬತ್ತುವುದಕ್ಕೂ ಇರುವ ಅಂತರದಲ್ಲಿ ಒಬ್ಬ ರೈತನ ಇಡೀ ತಿಳಿವಳಿಕೆ ಇದೆ. ಅಂಥ ಪದಗಳನ್ನು ನೀರು ನೋಡುತ್ತ ನಿಂತಾಗ ಮಾತ್ರ ಜನ ಆಡುತ್ತಾರೆ.

ಮಾತು ಬೇರೆಡೆಗೂ ಹೋಗುತ್ತದೆ. 1974ರಲ್ಲಿ ವನ್ಯಧಾಮವಾದ ಮೇಲೆ ಕಾಡಿನೊಳಗಿದ್ದ ಜನರನ್ನು ಒಂದೆಡೆ ನೆಲೆಗೊಳಿಸಿದ್ದು, ಒಣ ಎಲೆಗಳಿಗೆ ಹಾಕುತ್ತಿದ್ದ ತರಗು ಬೆಂಕಿ ನಿಂತಿದ್ದು, ಲಾಂಟಾನ ಕಳೆ ಹಬ್ಬಿದ್ದು, ಹಳೆಯ ನೆಲೆಗಳಿಗೆ ಹೋಗುವ ದಾರಿ ಮುಚ್ಚಿದ್ದು. ಇದು ನನ್ನ ವಿಷಯವಲ್ಲ ಎಂದು ರೆಕಾರ್ಡರ್ ಆರಿಸಬೇಡಿ. ಅಬ್ಬಿಗೆ ಹೋಗುವ ದಾರಿ ಇಲ್ಲವಾದರೆ ಅಬ್ಬಿಯ ಸುತ್ತಲಿನ ಮಾತೂ ಆಡುವವರಿಲ್ಲದೆ ಉಳಿಯುತ್ತದೆ.

ಸಲಕರಣೆ

ಮಾತನ್ನು ಡಬ್ಲ್ಯೂಎವಿ (WAV) ಎಂಬ ಧ್ವನಿಕಡತದ ಮಾದರಿಯಲ್ಲಿ ಮುದ್ರಿಸಿ, ಮೈಕ್‌ಗೆ ಗಾಳಿತಡೆ ಹಾಕಿ. ಶುರುವಿನಲ್ಲಿ ದಿನ, ಜಾಗ, ಒಪ್ಪಿದ್ದರೆ ಮಾತನಾಡುವವರ ಹೆಸರು ಹೇಳಿ. ಆ ರಾತ್ರಿಯೇ ಎರಡು ಕಡೆ ಪ್ರತಿ ಮಾಡಿ. ಮಾತನ್ನು ಧ್ವನಿಯೊಡನೆ ಜೋಡಿಸಿ ಬರೆಯಲು ಇಲಾನ್ ಎಂಬ ಉಚಿತ ತಂತ್ರಾಂಶವಿದೆ. ಒಂದು ನಿಮಿಷದ ಮಾತಿಗೆ ಅರ್ಧ ಗಂಟೆಯೆಂದು ಹಿಡಿದರೂ ಎರಡು ಗಂಟೆಯ ಮುದ್ರಣಕ್ಕೆ ಅರವತ್ತು ಗಂಟೆ ಬೇಕು. ಹೆಚ್ಚು ಮುದ್ರಿಸಿ ಮೂಲೆಗೆ ಹಾಕುವುದಕ್ಕಿಂತ ಕಡಿಮೆ ಮುದ್ರಿಸಿ ಪೂರ್ತಿ ಬರೆಯಿರಿ. ಪ್ರತಿ ಪದದ ಜೊತೆ ಅದು ಬಂದ ಇಡೀ ವಾಕ್ಯ, ಹೇಳಿದ ಜಾಗ, ಆಗಿನ ಋತು ಇರಲಿ.

ಕೊನೆಯ ವಾರ ಪೋಡಿಗೆ

ವರದಿಯನ್ನು ಕಾಲೇಜಿಗೆ ಒಪ್ಪಿಸುವ ಮೊದಲು ಪೋಡಿನಲ್ಲಿ ಕೂತು ಓದಿ ಹೇಳಿ. ಒಬ್ಬರು ಒಂದು ಪದವನ್ನು ಹೀಗೆ, ಇನ್ನೊಬ್ಬರು ಹಾಗೆ ಎನ್ನುತ್ತಾರೆ. ಎರಡನ್ನೂ ಬರೆದುಕೊಳ್ಳಿ, ತೀರ್ಪು ಕೊಡಬೇಡಿ. ಹೊರಗೆ ಬರಬಾರದು ಎಂದದ್ದನ್ನು ಅಲ್ಲೇ ಅಳಿಸಿ. ಪದಗಳ ಕಿರುಹೊತ್ತಗೆಯನ್ನು ದೊಡ್ಡ ಅಕ್ಷರಗಳಲ್ಲಿ ಮುದ್ರಿಸಿ ಗ್ರಾಮಸಭೆಗೂ ಶಾಲೆಗೂ ಕೊಡಿ, ಧ್ವನಿಯನ್ನು ಮೆಮೊರಿ ಕಾರ್ಡಿನಲ್ಲಿ ಹಾಕಿ ಕೊಡಿ. ಕಲಿಸಿದವರು ಒಪ್ಪಿದರೆ ಮುಖಪುಟದಲ್ಲಿ ಅವರ ಹೆಸರು ನಿಮ್ಮ ಹೆಸರಿಗಿಂತ ಮೇಲೆ ಇರಲಿ. ಹೊತ್ತಗೆಯ ಪ್ರತಿ ಪುಟದ ಬಲಭಾಗವನ್ನು ಖಾಲಿ ಬಿಡಿ. ನೀವು ಕೇಳದೆ ಬಿಟ್ಟ ಪದಗಳನ್ನು ಅವರು ಅಲ್ಲಿ ಬರೆದುಕೊಳ್ಳುತ್ತಾರೆ.