ಇಳಕಲ್ ಸೆರಗು ಎಐಗೆ ಬರಲಿಲ್ಲ, ಬಾದಾಮಿಯ ಬೆಳಕು ಬಂತು

ಬನಶಂಕರಿ ಜಾತ್ರೆಗೆ ಅಜ್ಜಿಯ ಜೊತೆ ಹೋಗುವ ಹುಡುಗಿಯ ಕಥೆ. ಮಕ್ಕಳ ಪುಸ್ತಕ, ಪ್ರತಿ ಪುಟಕ್ಕೂ ಒಂದು ಚಿತ್ರ ಬೇಕು. ನಾನು ಬಾಗಲಕೋಟೆಯಲ್ಲಿ ಪುಸ್ತಕದ ಮುಖಪುಟ, ನಾಟಕದ ಪೋಸ್ಟರ್, ಲಗ್ನಪತ್ರಿಕೆ ಮಾಡುತ್ತೇನೆ. ಕೊಟ್ಟ ಸಮಯದಲ್ಲಿ ಅಷ್ಟೂ ಚಿತ್ರ ಕೈಯಲ್ಲೇ ಬರೆದು ಮುಗಿಯುತ್ತಿರಲಿಲ್ಲ. ಹಾಗಾಗಿ ಚಿತ್ರ ಮಾಡುವ ಎಐ ಬಳಸಿದೆ. ಯಾವ ಕೆಲಸ ಅದಕ್ಕೆ ಬಿಟ್ಟೆ, ಯಾವುದನ್ನು ನನ್ನ ಕೈಯಲ್ಲೇ ಇಟ್ಟುಕೊಂಡೆ ಅಂತ ಹೇಳುತ್ತೇನೆ.

ಬೆಳಕಿನ ಕೆಲಸವನ್ನು ಪೂರ್ತಿ ಅದಕ್ಕೇ ಬಿಟ್ಟೆ. ಬಾದಾಮಿಯ ಕೆಂಪು ಮರಳುಗಲ್ಲಿನ ಗುಡ್ಡಕ್ಕೆ ಬೆಳಗಿನ ಬಿಸಿಲು ತಾಗುವುದು, ಜನವರಿಯ ಚಳಿ, ಜಾತ್ರೆಯ ದೂಳಿನಲ್ಲಿ ಬಲ್ಬುಗಳು ಮಂಕಾಗಿ ಕಾಣುವುದು, ಇದೆಲ್ಲ ಕೇಳಿದ ತಕ್ಷಣ ಬಂತು, ಚೆನ್ನಾಗಿಯೇ ಬಂತು. ಒಂದೇ ದೃಶ್ಯವನ್ನು ಮೇಲಿನಿಂದ ನೋಡಿದ ಹಾಗೆ, ಹುಡುಗಿಯ ಬೆನ್ನ ಹಿಂದಿನಿಂದ ನೋಡಿದ ಹಾಗೆ, ತೇರಿನ ಗಾಲಿಯ ಪಕ್ಕದಿಂದ ನೋಡಿದ ಹಾಗೆ ಮಾಡಿಸಿಕೊಂಡು ಹೋಲಿಸಿ ನೋಡಬಹುದು. ಕಾಗದದ ಮೇಲೆ ಒಂದು ಚಿತ್ರ ಅರ್ಧ ಮುಗಿದ ಮೇಲೆ ಬೇಡ ಅನ್ನಲು ಮನಸ್ಸು ಬರುವುದಿಲ್ಲ. ಇಲ್ಲಿ ಧೈರ್ಯವಾಗಿ ಬೇಡ ಅನ್ನಬಹುದು. ನನ್ನ ಮಟ್ಟಿಗೆ ಎಐಯ ದೊಡ್ಡ ಉಪಕಾರ ಇದೇ.

ತೊಂದರೆ ಶುರುವಾಗಿದ್ದು ಅಜ್ಜಿಯಿಂದ. ಇಳಕಲ್ ಸೀರೆ ಅಂತ ಕೇಳಿದರೆ ಮೈತುಂಬ ಜರಿ, ಸೆರಗಿನಲ್ಲಿ ಮಾವಿನಕಾಯಿ ಬುಟ್ಟಾ. ನೋಡಲು ಚೆಂದ, ಆದರೆ ನಮ್ಮದಲ್ಲ. ಇಳಕಲ್‌ನಲ್ಲಿ ಪರಿಚಯದ ನೇಕಾರರೊಬ್ಬರಿಗೆ ಫೋನಿನಲ್ಲಿ ತೋರಿಸಿದೆ. "ನಮ್ಮ ಸೀರಿ ಅಲ್ರೀ ಇದು. ತೆನಿ ಎಲ್ಲೈತಿ?" ಅಂದರು. ಇಳಕಲ್ ಸೀರೆಯಲ್ಲಿ ಮೈಯ ಹಾಸಿನ ಎಳೆ ಬೇರೆ, ಸೆರಗಿನ ರೇಷ್ಮೆ ಎಳೆ ಬೇರೆ. ಎರಡನ್ನೂ ಕೊಂಡಿ ಹಾಕಿ ಸೇರಿಸುತ್ತಾರೆ. ಅದಕ್ಕೇ ಮೈಯ ಬಣ್ಣ ಒಂದು ಗೆರೆಯಲ್ಲಿ ನಿಂತು, ಅಲ್ಲಿಂದ ಸೆರಗು ಒಮ್ಮೆಲೇ ಕೆಂಪಾಗುತ್ತದೆ. ತೋಪ ತೆನೆ ಸೆರಗಾದರೆ ಮೂರು ಕೆಂಪು ಪಟ್ಟಿ, ನಡುವೆ ಎರಡು ಬಿಳಿ, ಅಂಚಿನಲ್ಲಿ ಜೋಳದ ತೆನೆ. ಎಐ ಈ ಗೆರೆಯನ್ನೇ ಅಳಿಸಿ, ಬಣ್ಣವನ್ನು ನಿಧಾನವಾಗಿ ಹರಿಸಿಬಿಡುತ್ತದೆ. ರೊಟ್ಟಿಯ ಪುಟದಲ್ಲೂ ಇದೇ ಕಥೆ. ಜೋಳದ ರೊಟ್ಟಿ ಬಡಿಯುವ ಅಜ್ಜಿಯ ಕೈಗೆ ಲಟ್ಟಣಿಗೆ ಕೊಟ್ಟಿತು!

ಕಾರಣ ಗೊತ್ತಾದ ಮೇಲೆ ಕೆಲಸ ಸಲೀಸಾಯಿತು. ಚಿತ್ರ ಮಾಡುವ ಎಐಗಳು ಇಂಟರ್ನೆಟ್‌ನ ಚಿತ್ರಗಳನ್ನೂ ಅವುಗಳ ಜೊತೆಗಿದ್ದ ಬರಹವನ್ನೂ ನೋಡಿ ಕಲಿತಿವೆ. ಸ್ಟೇಬಲ್ ಡಿಫ್ಯೂಷನ್ ಎಂಬ ಅಂಥದ್ದೊಂದು ಎಐ 2022ರಲ್ಲಿ ಬಂದಾಗ ಕಲಿತದ್ದು ಲಾಯಾನ್-5ಬಿ ಎಂಬ ಸಂಗ್ರಹದ ಭಾಗಗಳಿಂದ. ಆ ಸಂಗ್ರಹದಲ್ಲಿ ಆಗ ಸುಮಾರು 585 ಕೋಟಿ ಚಿತ್ರಗಳ ಇಂಟರ್ನೆಟ್ ವಿಳಾಸವೂ ಜೊತೆಗಿನ ಬರಹವೂ ಇದ್ದವು. ಸೂರ್ಯೋದಯ ಅದರಲ್ಲಿ ಎಷ್ಟು ಬೇಕಾದರೂ ಸಿಗುತ್ತದೆ. ತೋಪ ತೆನೆ ಸೆರಗು ಅಂತ ಸರಿಯಾಗಿ ಹೆಸರು ಬರೆದ ಫೋಟೊ ಎಷ್ಟು ಸಿಕ್ಕೀತು, ಹೇಳಿ? ಹೆಚ್ಚು ನೋಡಿದ್ದನ್ನು ಚೆನ್ನಾಗಿ ಬರೆಯುತ್ತದೆ, ನೋಡದ್ದಕ್ಕೆ ಹತ್ತಿರದ್ದೇನೋ ತಂದಿಡುತ್ತದೆ. ಬಾಗಲಕೋಟೆ ಜಿಲ್ಲೆಯ ಮಗು ಪುಸ್ತಕ ತೆರೆದಾಗ ಮೊದಲು ಗುರುತು ಹಿಡಿಯುವುದು ತನ್ನ ಅಜ್ಜಿಯ ಸೀರೆಯನ್ನೇ ಅಲ್ವಾ? ಅಲ್ಲಿ ಹತ್ತಿರದ್ದು ಸಾಲದು.

ಹಾಗಾಗಿ ಹೀಗೆ ಮಾಡಿದೆ. ಅಜ್ಜಿ ಕೂತ ಭಂಗಿ, ರೊಟ್ಟಿ ಬಡಿಯುವ ಕೈ, ಸೀರೆಯ ನಿರಿಗೆ, ಎಲ್ಲ ಮೊದಲು ಪೆನ್ಸಿಲ್‌ನಲ್ಲಿ ಬರೆದೆ. ಅದನ್ನು ಸ್ಕ್ಯಾನ್ ಮಾಡಿ, ಎಐ ಜೊತೆ ಬಳಸುವ ಕಂಟ್ರೋಲ್‌ನೆಟ್ ಎಂಬ ಸಾಧನಕ್ಕೆ ಕೊಟ್ಟೆ. ಅದು ನಮ್ಮ ಗೆರೆ ಹಿಡಿದುಕೊಂಡೇ ಬಣ್ಣ, ಬೆಳಕು ತುಂಬುತ್ತದೆ. ಅಜ್ಜಿಯ ಮುಖ ಪುಟದಿಂದ ಪುಟಕ್ಕೆ ಬದಲಾಗುವುದೂ ಇದರಿಂದ ಬಹಳ ಕಡಿಮೆಯಾಯಿತು. ಸೀರೆಯನ್ನು ಬೇಕಂತಲೇ ಖಾಲಿ ಬಣ್ಣದಲ್ಲಿ ಬಿಡಿಸಿದೆ. ಆಮೇಲೆ ಕೃತಾ ಎಂಬ ಚಿತ್ರ ಬರೆಯುವ ಸಾಫ್ಟ್‌ವೇರ್‌ನಲ್ಲಿ ಬೇರೆ ಲೇಯರ್ ಹಾಕಿ, ನಿಜವಾದ ಸೀರೆ ಎದುರಿಗೆ ಹರಡಿಕೊಂಡು, ದಡಿ ಮತ್ತು ತೆನೆಗಳನ್ನು ಮಡಿಕೆ ತಿರುಗಿದ ಕಡೆಗೇ ತಿರುಗಿಸಿ ಬರೆದೆ. ಕುಪ್ಪಸಕ್ಕೆ ಗುಳೇದಗುಡ್ಡದ ಖಣದ ಹೂವನ್ನೂ ಹಾಗೆಯೇ. ಸಮಯ ಜಾಸ್ತಿ ಹೋಗಿದ್ದು ಇಲ್ಲೇ.

ಜಾತ್ರೆಯ ಚಿತ್ರದಲ್ಲಿದ್ದ ನಾಟಕ ಕಂಪನಿಯ ಬೋರ್ಡನ್ನು ಖಾಲಿ ಮಾಡಿಸಿ ಅಕ್ಷರ ನಾನೇ ಬರೆದೆ. ಒತ್ತಕ್ಷರ ಬಂದರೆ ಎಐ ಏನೇನೋ ಗೀಚುತ್ತಿತ್ತು.

ಮುದ್ರಣದ್ದು ಒಂದು ಮಾತು. 1024 ಪಿಕ್ಸೆಲ್ ಅಗಲದ ಚಿತ್ರ 300 ಡಿಪಿಐಗೆ, ಅಂದರೆ ಇಂಚಿಗೆ 300 ಚುಕ್ಕಿಯಂತೆ ಮುದ್ರಿಸಿದರೆ, ಮೂರೂವರೆ ಇಂಚೂ ಬರುವುದಿಲ್ಲ. ದೊಡ್ಡದು ಮಾಡುವ ಸಾಫ್ಟ್‌ವೇರ್ ಇದೆ, ಆದರೆ ಅದೂ ಇಲ್ಲದ ವಿವರ ಸೇರಿಸುತ್ತದೆ. ಗುಡ್ಡದ ಕಲ್ಲಿಗೆ ಪರವಾಗಿಲ್ಲ, ನೇಯ್ಗೆಗೆ ಆಗುವುದಿಲ್ಲ. ಅದಕ್ಕೇ ಮೊದಲು ಚಿತ್ರ ದೊಡ್ಡದು ಮಾಡಿ, ಸೆರಗನ್ನು ಆಮೇಲೆ ಬರೆಯಬೇಕು.

ಪ್ರಕಾಶಕರಿಗೆ ಎಲ್ಲವನ್ನೂ ಮೊದಲೇ ಹೇಳಿದ್ದೆ. ಯಾವುದು ಎಐ, ಯಾವುದು ಕೈಕೆಲಸ ಅಂತ ಪುಸ್ತಕದ ಮೊದಲ ಪುಟದಲ್ಲೇ ಇದೆ. ಅಮೆರಿಕದ ಕಾಪಿರೈಟ್ ಕಚೇರಿ 2023ರ ಫೆಬ್ರುವರಿಯಲ್ಲಿ ಒಂದು ಕಾಮಿಕ್ ಪುಸ್ತಕದ ಬರಹಕ್ಕೂ ಜೋಡಣೆಗೂ ಹಕ್ಕು ಕೊಟ್ಟು, ಮಿಡ್‌ಜರ್ನಿ ಎಂಬ ಎಐ ಮಾಡಿದ ಚಿತ್ರಗಳಿಗೆ ಕೊಡಲಿಲ್ಲ. ಅದು ಅಲ್ಲಿಯ ತೀರ್ಮಾನ. ಆದರೂ ನನ್ನ ಪೆನ್ಸಿಲ್ ಹಾಳೆಗಳನ್ನೂ ಲೇಯರ್ ಇರುವ ಫೈಲುಗಳನ್ನೂ ಜೋಪಾನ ಮಾಡಿದ್ದೇನೆ.

ಪ್ರಕಾಶಕರ ಮುಂದಿನ ಪುಸ್ತಕ ಗುಳೇದಗುಡ್ಡದ ಮಗ್ಗದ ಮೇಲೆ. ಅದರಲ್ಲಿ ಪುಟಪುಟಕ್ಕೂ ನೇಯ್ಗೆ. ಎಲ್ಲ ಕೈಯಲ್ಲೇ ಬರೆಯುತ್ತೇನೆ, ಅದಕ್ಕೆ ತಕ್ಕ ಸಮಯ ಬೇಕು ಅಂದೆ. ಒಪ್ಪಿದ್ದಾರೆ. ಬಣ್ಣದ ಪ್ರಯೋಗಕ್ಕಷ್ಟೇ ಎಐ.