ಮತಪತ್ರ ಮಡಚುವುದನ್ನೂ ಹೇಳಿಕೊಡಬೇಕು

2020ರ ಡಿಸೆಂಬರ್‌ನ ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಚಿಂಚೋಳಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನಾನು ಪಿಆರ್‌ಒ, ಅಂದರೆ ಮತಗಟ್ಟೆಯ ಅಧ್ಯಕ್ಷಾಧಿಕಾರಿ. ಆ ಸಲ ಬೀದರ್ ಜಿಲ್ಲೆಗೆ ಮಾತ್ರ ಇವಿಎಂ (ಮತಯಂತ್ರ), ಉಳಿದ ಕಡೆಯೆಲ್ಲ ಮತಪತ್ರ. ಹುಮನಾಬಾದ್ ಕಡೆ ಡ್ಯೂಟಿ ಬಿದ್ದಿದ್ದ ನನ್ನ ತಮ್ಮ ಫೋನಿನಲ್ಲಿ ನಕ್ಕ. "ಅಕ್ಕಾ, ನೀ ಇನ್ನಾ ಪೆಟ್ಟಿಗಿನೇ ಹೊರಬೇಕೇನು?"

ಪೆಟ್ಟಿಗೆ ಹೊರುವುದು ಕಷ್ಟವಾಗಲಿಲ್ಲ. ಬೆಳಿಗ್ಗೆ ಅಭ್ಯರ್ಥಿಗಳ ಏಜೆಂಟರಿಗೆ ಖಾಲಿ ಪೆಟ್ಟಿಗೆ ತೋರಿಸಿ ಸೀಲ್ ಮಾಡಿದ್ದೂ ಸಲೀಸಾಗಿಯೇ ಮುಗಿಯಿತು. ತಲೆನೋವು ಶುರುವಾಗಿದ್ದು ಮಡಚುವುದರಲ್ಲಿ. ಮತಪತ್ರವನ್ನು ಮೊದಲು ಉದ್ದಕ್ಕೆ ಮಡಚಬೇಕು, ಆಮೇಲೆ ಅಡ್ಡಕ್ಕೆ. ಆಗ ಓಟು ಹಾಕುವ ಸೀಲಿನ ಹಸಿ ಶಾಯಿ ಅಂಟಿದರೂ ಅದೇ ಅಭ್ಯರ್ಥಿಯ ಸಾಲಿಗೆ ಅಂಟುತ್ತದೆ. ಮೊದಲೇ ಅಡ್ಡ ಮಡಚಿದರೆ ಶಾಯಿ ಇನ್ನೊಬ್ಬನ ಚಿಹ್ನೆ ಮೇಲೆ ಕೂರುತ್ತದೆ. ಎಣಿಕೆ ಟೇಬಲ್ಲಿನಲ್ಲಿ ಜಗಳಕ್ಕೆ ಅಷ್ಟು ಸಾಕು. ಅದು ಕೊರೋನಾ ಕಾಲ ಬೇರೆ. ಸ್ಯಾನಿಟೈಸರ್ ಹಚ್ಚಿದ ಒದ್ದೆ ಕೈಯಲ್ಲೇ ಜನ ಪತ್ರ ಹಿಡಿಯುತ್ತಿದ್ದರು. ನಮ್ಮ ಸಿಬ್ಬಂದಿಗೆ ಹೇಳಿ, ಪ್ರತಿ ಪತ್ರವನ್ನೂ ಮೊದಲೇ ಮಡಚಿ, ಬಿಚ್ಚಿ ಕೊಡಿಸಿದೆ. ಆ ಗೆರೆ ಹಿಡಿದೇ ಮತದಾರರು ಮತ್ತೆ ಮಡಚಿದರು.

ಹತ್ತು ಗಂಟೆ ಸುಮಾರಿಗೆ ಒಬ್ಬ ಅಜ್ಜಿ ಬಂದಳು. ಕೌಂಟರ್‌ಫಾಯಿಲಿಗೆ, ಅಂದರೆ ಮತಪತ್ರ ಹರಿದುಕೊಟ್ಟ ಮೇಲೆ ನಮ್ಮಲ್ಲೇ ಉಳಿಯುವ ತುಂಡಿಗೆ, ಹೆಬ್ಬೆಟ್ಟು ಒತ್ತಿಸಿ ಪತ್ರ ಕೊಟ್ಟೆವು. ಅವಳು ಎರಡು ಹೆಜ್ಜೆ ಇಟ್ಟು, ತಿರುಗಿ, ಶಾಯಿ ಹತ್ತಿದ ಬೆರಳನ್ನು ಎತ್ತಿ ಹಿಡಿದು ಕೇಳಿದಳು. "ಇದರಾಗ ಎಲ್ಲಿ ಒತ್ತಲಿ, ಬಾಯಿ?" ನನ್ನ ಎದೆ ಧಸಕ್ಕೆಂದಿತು. ಮತದಾರರ ಗುರುತು ಸಿಗುವಂಥ ಕಲೆ ಬಿದ್ದರೆ ಆ ಓಟು ತಿರಸ್ಕೃತ. ಅವಳಿಗಿಂತ ಮೊದಲು ಹೋದವರಲ್ಲಿ ಎಷ್ಟು ಜನ ಒತ್ತಿ ಬಂದರೋ! ಒಳಗೆ ಹೋಗಿ ನೋಡುವಂತಿಲ್ಲವಲ್ಲ. ತಕ್ಷಣ ಒದ್ದೆ ಬಟ್ಟೆ ತರಿಸಿ ಟೇಬಲ್ ಮೇಲಿಟ್ಟೆ. ಪ್ರತಿಯೊಬ್ಬರಿಗೂ ಬೆರಳು ಒರೆಸಿಸಿ ಒಂದೇ ಮಾತು: "ಹೆಬ್ಬೆಟ್ಟು ಇಲ್ಲಿಗೇ ಮುಗೀತು ಆಯಿ, ಒಳಗ ಸೀಲು ಹೊಡೀಬೇಕು."

ಎಣಿಕೆಗೆ ಹೋಗಿದ್ದ ಸಹೋದ್ಯೋಗಿ ಆಮೇಲೆ ಹೇಳಿದರು, ಬೇರೆ ಪೆಟ್ಟಿಗೆಗಳಲ್ಲಿ ಹೆಬ್ಬೆಟ್ಟಿನ ಪತ್ರ, ಎರಡು ಹೆಸರಿನ ನಡುವಿನ ಗೆರೆ ಮೇಲೇ ಬಿದ್ದ ಸೀಲು, ಎಲ್ಲಾ ಸಿಕ್ಕವಂತೆ.

2023ರ ಮೇ 10ರ ವಿಧಾನಸಭೆ ಚುನಾವಣೆಯಲ್ಲಿ ಈ ಕಾಟ ಇರಲಿಲ್ಲ. ಕನಿಷ್ಠ 50 ಓಟಿನ ಅಣಕು ಮತದಾನ ಮಾಡಿ, ಲೆಕ್ಕ ತೋರಿಸಿ, ಯಂತ್ರ ಕ್ಲಿಯರ್ ಮಾಡಿದರೆ ಆಯಿತು. ಆದರೆ ಓಟು ಯಾರಿಗೆ ಬಿತ್ತೆಂದು ತೋರಿಸುವ ವಿವಿಪ್ಯಾಟ್ ಚೀಟಿ ಕಾಣುವುದು 7 ಸೆಕೆಂಡ್ ಮಾತ್ರ. "ಚೀಟಿ ನನ್ನ ಕೈಗೆ ಕೊಡ್ರಿ" ಎಂದು ಒಬ್ಬರು ಹಟ ಹಿಡಿದರು. ಪೆಟ್ಟಿಗೆ ಇದ್ದಾಗ ಯಾರೂ ಹೀಗೆ ಕೇಳಿರಲಿಲ್ಲ. ತಮ್ಮ ಕೈಯಾರೆ ಹಾಕಿದ್ದು, ಅಲ್ವಾ?

2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಚಿವ ಸಂಪುಟ, ಸ್ಥಳೀಯ ಸಂಸ್ಥೆಗಳ ಚುನಾವಣೆಗೆ ಮತಪತ್ರವನ್ನೇ ಬಳಸಿ ಎಂದು ರಾಜ್ಯ ಚುನಾವಣಾ ಆಯೋಗಕ್ಕೆ ಶಿಫಾರಸು ಮಾಡಿತು. ತಮ್ಮನಿಗೆ ಸಿಟ್ಟು. ನನಗೆ ಅಷ್ಟೇನಿಲ್ಲ. ವಿಧಾನಸಭೆಗೆ ಯಂತ್ರವೇ ಇರಲಿ ಎನ್ನುವವಳು ನಾನು. ಪಂಚಾಯಿತಿಗೆ ಪೆಟ್ಟಿಗೆ ಬಂದರೂ ಬರಲಿ. ಆದರೆ ತರಬೇತಿಯಲ್ಲಿ ಸುಮ್ನೆ ಫಾರಂ ತುಂಬುವುದನ್ನೇ ಹೇಳಿದರೆ ಸಾಲದು. ಮತಗಟ್ಟೆ ಬಾಗಿಲಲ್ಲಿ ಮಾದರಿ ಪತ್ರ ಹಿಡಿದು ಮಡಚಿ ತೋರಿಸಲಿಕ್ಕೆ ಒಬ್ಬ ಸಿಬ್ಬಂದಿ ಜಾಸ್ತಿ ಕೊಡಬೇಕು. ಯಾವ ಮತಗಟ್ಟೆಯಲ್ಲಿ ಎಷ್ಟು ಓಟು ತಿರಸ್ಕೃತವಾದವು, ಯಾಕೆ ಅನ್ನುವುದನ್ನು ಆಮೇಲೆ ನಮಗೂ ತಿಳಿಸಬೇಕು. ಒದ್ದೆ ಬಟ್ಟೆ ನಾನೇ ತರುತ್ತೇನೆ.